ಮಂಗಳಕ್ಕೆ ಹೊರಡುವ ಮುನ್ನ ಮರುಭೂಮಿಗೆ: ರೋವರ್ ಎದುರಿಸುವ ಪೂರ್ವಸಿದ್ಧತಾ ಪರೀಕ್ಷೆ

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲವನ್ನು ಮುಟ್ಟಿತು. ಹೊಸೂರು ಸೀಮೆಯ ನಮ್ಮ ಕನ್ನಡ ಶಾಲೆಯ ಮಕ್ಕಳು ಅಂದು ಮನೆಗೆ ಹೋಗದೆ ಉಳಿದು, ಶಿಕ್ಷಕರೊಬ್ಬರ ಲ್ಯಾಪ್‌ಟಾಪಿನ ಪುಟ್ಟ ಪರದೆಯ ಮುಂದೆ ಒತ್ತಾಗಿ ಕುಳಿತು ಆ ಕ್ಷಣವನ್ನು ಕಂಡರು. ಚಪ್ಪಾಳೆಯ ಸದ್ದು ಅಡಗಿದ ಮೇಲೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸಾರ್, ಅಲ್ಲಿ ಓಡಾಡೋ ಗಾಡಿ ಕೆಟ್ಟು ನಿಂತರೆ ರಿಪೇರಿ ಮಾಡೋರು ಯಾರು?" ಆಕೆಯ ತಂದೆಗೆ ಹೆದ್ದಾರಿಯ ಬದಿಯಲ್ಲಿ ಪಂಚರ್ ಅಂಗಡಿಯಿದೆ. ಗಾಡಿ ಎಂದ ಮೇಲೆ ಕೆಡುತ್ತದೆ, ಕೆಟ್ಟರೆ ಯಾರಾದರೂ ಬರಲೇಬೇಕು ಎಂಬುದು ಆಕೆ ಬುದ್ಧಿ ಬಂದಾಗಿನಿಂದ ಕಂಡುಂಡ ಸತ್ಯ.

"ಯಾರೂ ಇಲ್ಲ" ಎಂದು ಉತ್ತರಿಸಿದೆವು. ಆ ಚುಟುಕು ಉತ್ತರ ನಮಗೇ ಸಾಲದೆನಿಸಿತು. ಅದೇ ವಾರ ಪಾಲಕರ ಸಭೆಯಲ್ಲಿ ಒಬ್ಬ ತಾಯಿ ಇನ್ನೊಂದು ಪ್ರಶ್ನೆ ಕೇಳಿದರು: "ಚಂದ್ರಯಾನ, ರಾಕೆಟ್ಟು ಇಂಥವನ್ನೆಲ್ಲ ಕನ್ನಡದಲ್ಲಿ ಕಲಿತರೆ ಮುಂದಕ್ಕೆ ಉಪಯೋಗಕ್ಕೆ ಬರುತ್ತದೆಯೇ ಮೇಷ್ಟ್ರೇ?" ಮಗನನ್ನು ಮುಂದಿನ ವರ್ಷ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವ ಆಲೋಚನೆ ಆ ಮಾತಿನ ಹಿಂದೆ ಇತ್ತು. ಎರಡು ಪ್ರಶ್ನೆಗಳಿಗೂ ಸಾವಧಾನವಾಗಿ ಉತ್ತರ ಕೊಡುವ ಪ್ರಯತ್ನವೇ ಈ ಲೇಖನ.

ರಿಪೇರಿ ಇಲ್ಲದ ಊರಿಗೆ ಪಯಣ

ಅನ್ಯಗ್ರಹದ ಅಥವಾ ಚಂದ್ರನ ನೆಲದ ಮೇಲೆ ಚಲಿಸಿ ಶೋಧನೆ ನಡೆಸುವ ಬಂಡಿಗೆ ರೋವರ್ ಎಂದು ಹೆಸರು. ವಿಕ್ರಮ್ ಲ್ಯಾಂಡರಿನ ಒಡಲಿನಿಂದ ಇಳಿದ ಪ್ರಜ್ಞಾನ್ 26 ಕಿಲೋಗ್ರಾಂ ತೂಕದ, ಆರು ಚಕ್ರಗಳ ರೋವರ್. ಸೆಕೆಂಡಿಗೆ ಒಂದು ಸೆಂಟಿಮೀಟರ್ ಅದರ ವೇಗ. ಇರುವೆಯೂ ಅದನ್ನು ಹಿಂದಿಕ್ಕೀತು. ಹೀಗಿದ್ದೂ ಒಂದು ಚಾಂದ್ರ ಹಗಲಿನ ಅವಧಿಯಲ್ಲಿ, ಅಂದರೆ ನಮ್ಮ ಸುಮಾರು 14 ದಿನಗಳೊಳಗೆ, ಅದು ಸುಮಾರು ನೂರು ಮೀಟರ್ ಸಾಗಿ, ಚಂದ್ರನ ಮಣ್ಣಿನಲ್ಲಿ ಗಂಧಕವಿರುವುದನ್ನು ಸ್ಥಳದಲ್ಲೇ ದೃಢಪಡಿಸಿತು.

ನಿಧಾನ ನಡಿಗೆಗೆ ಕಾರಣ ಯಂತ್ರದ ಅಶಕ್ತಿಯೊಂದೇ ಅಲ್ಲ. ಭೂಮಿಯಿಂದ ಚಂದ್ರನಿಗೆ ರೇಡಿಯೋ ಸಂಕೇತ ತಲುಪಲು ಸುಮಾರು 1.3 ಸೆಕೆಂಡು ಬೇಕು. ಮಂಗಳಕ್ಕಾದರೆ, ಎರಡು ಗ್ರಹಗಳ ನಡುವಣ ದೂರ ಬದಲಾದಂತೆ, 3 ನಿಮಿಷದಿಂದ 22 ನಿಮಿಷದವರೆಗೆ ಬೇಕಾಗುತ್ತದೆ. "ಮುಂದೆ ಹಳ್ಳವಿದೆ" ಎಂದು ಮಂಗಳದ ರೋವರ್ ಹೇಳಿದ್ದು ನಮಗೆ ಕೇಳಿ, ನಾವು "ನಿಲ್ಲು" ಎಂದದ್ದು ಅದಕ್ಕೆ ಮುಟ್ಟುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆಯಬಹುದು. ಆದುದರಿಂದ ಮಂಗಳದ ರೋವರನ್ನು ಯಾರೂ ಆಟಿಕೆಯ ಕಾರಿನಂತೆ ಗುಂಡಿ ಒತ್ತಿ ಓಡಿಸುವುದಿಲ್ಲ. ಹಿಂದಿನ ದಿನ ಅದು ಕಳುಹಿಸಿದ ಚಿತ್ರಗಳನ್ನು ನೋಡಿ, ಮರುದಿನದ ಕೆಲಸವನ್ನು ಪೂರ್ತಿಯಾಗಿ ಬರೆದು, ಒಂದೇ ಕಂತಿನಲ್ಲಿ ಕಳುಹಿಸುತ್ತಾರೆ. ಬಳಿಕ ಕಾಯುತ್ತಾರೆ.

ಹೀಗೆ ಕಾಣದ ನೆಲದ ಮೇಲೆ, ಮುಟ್ಟಲಾಗದ ಬಂಡಿಯನ್ನು, ತಡವಾಗಿ ತಲುಪುವ ಮಾತಿನಿಂದ ನಡೆಸುವುದು ಒಂದು ವಿದ್ಯೆ. ಆ ವಿದ್ಯೆಯನ್ನು ಭೂಮಿಯ ಮೇಲೆಯೇ ಅಭ್ಯಾಸ ಮಾಡಬೇಕು. ಪಬ್ಲಿಕ್ ಪರೀಕ್ಷೆಗೆ ಮುನ್ನ ನಮ್ಮ ಮಕ್ಕಳು ಪೂರ್ವಸಿದ್ಧತಾ ಪರೀಕ್ಷೆ ಬರೆಯುತ್ತಾರಲ್ಲ, ನಮ್ಮ ಕಡೆ ಅದನ್ನು ರಿವಿಷನ್ ಎನ್ನುತ್ತಾರೆ. ರೋವರಿನ ಕ್ಷೇತ್ರಪರೀಕ್ಷೆಯೂ ಅಂಥದೇ.

ನೆಲ, ಭಾರ, ದೂರ

ಈ ಪರೀಕ್ಷೆಗಾಗಿ ಮೂರು ಸಂಗತಿಗಳನ್ನು ಅನುಕರಿಸಬೇಕು: ಅಲ್ಲಿನ ನೆಲ, ಅಲ್ಲಿನ ಭಾರ, ಅಲ್ಲಿನ ದೂರ. ಮೂರೂ ಒಂದೇ ಸ್ಥಳದಲ್ಲಿ ಒಟ್ಟಿಗೆ ದೊರಕುವುದಿಲ್ಲ. ಅದಕ್ಕೇ ಪರೀಕ್ಷೆಗಳು ಹಲವು ಹಂತಗಳಲ್ಲಿ ನಡೆಯುತ್ತವೆ.

ಮೊದಲು ನೆಲದ ವಿಚಾರ. ಇಲ್ಲಿ ನಮ್ಮ ಮಕ್ಕಳಿಗೆ ಹೆಮ್ಮೆ ತರುವ ಕತೆಯೊಂದಿದೆ. ಹೊಸೂರಿನಿಂದ ಕೃಷ್ಣಗಿರಿ, ಧರ್ಮಪುರಿ, ಸೇಲಂ ಹಾದು ಹೋಗುವ ಹೆದ್ದಾರಿ ಮುಂದೆ ನಾಮಕ್ಕಲ್ ತಲುಪುತ್ತದೆ. ಆ ಜಿಲ್ಲೆಯ ಸಿತ್ತಂಪೂಂಡಿ ಮತ್ತು ಕುನ್ನಮಲೈ ಗ್ರಾಮಗಳಲ್ಲಿ ಅನಾರ್ಥೊಸೈಟ್ ಎಂಬ ಬಿಳಿಛಾಯೆಯ ಶಿಲೆ ದೊರೆಯುತ್ತದೆ. ಚಂದ್ರನ ಎತ್ತರದ ಪ್ರದೇಶಗಳ ನೆಲ ಬಹುಪಾಲು ಇದೇ ಬಗೆಯ ಶಿಲೆಯಿಂದಾದುದು. ಬೆಂಗಳೂರಿನ ಇಸ್ರೋ ವಿಜ್ಞಾನಿಗಳು ಆ ಕಲ್ಲನ್ನು ಸೇಲಂ ಸೀಮೆಯ ಕ್ರಷರುಗಳಲ್ಲಿ ಬೇಕಾದ ನಯಕ್ಕೆ ಪುಡಿ ಮಾಡಿಸಿ, ಬೆಂಗಳೂರಿಗೆ ತರಿಸಿ, ಒಳಾಂಗಣದಲ್ಲಿ ಚಂದ್ರನ ನೆಲವನ್ನು ಹರಡಿದರು. ರೋವರಿನ ಚಕ್ರ ಎಷ್ಟು ಹೂಳುತ್ತದೆ, ಎಷ್ಟು ಜಾರುತ್ತದೆ, ಎಷ್ಟು ಏರನ್ನು ಹತ್ತುತ್ತದೆ ಎಂಬುದನ್ನು ಆ ಮಣ್ಣಿನ ಮೇಲೆ ಅಳೆದರು. ನಮ್ಮೂರಿನ ಮುಂದೆ ಹಾದುಹೋಗುವ ಹೆದ್ದಾರಿಯ ಆಚೆ ತುದಿಯ ಕಲ್ಲು, ಈಚೆ ತುದಿಯ ಪ್ರಯೋಗಶಾಲೆಯಲ್ಲಿ ಚಂದ್ರನ ಮಣ್ಣಾಯಿತು.

ಕರ್ನಾಟಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋ ನೆಲವನ್ನು ಅಗೆಸಿ ಚಂದ್ರನ ಕುಳಿಗಳ ಮಾದರಿಗಳನ್ನೂ ಮಾಡಿತು. ಅವು ರೋವರಿನ ಓಡಾಟಕ್ಕಾಗಿ ಮಾಡಿದವಲ್ಲ. ಇಳಿಯುವಾಗ ಲ್ಯಾಂಡರಿನ ಸಂವೇದಕಗಳು ಕುಳಿಗಳನ್ನು ಸರಿಯಾಗಿ ಗುರುತಿಸುತ್ತವೆಯೇ ಎಂದು ಮೇಲಿನಿಂದ ಹಾರಿ ಪರೀಕ್ಷಿಸಲು ಮಾಡಿದವು.

ಎರಡನೆಯದು ಭಾರ. ಚಂದ್ರನ ಗುರುತ್ವ ಭೂಮಿಯ ಆರನೆಯ ಒಂದು ಪಾಲು; ಮಂಗಳದ್ದು ಎಂಟರಲ್ಲಿ ಮೂರು ಪಾಲು. ಅದೇ ಬಂಡಿ ಇಲ್ಲಿ ಹೆಚ್ಚು ಭಾರವಾಗಿರುವುದರಿಂದ ಚಕ್ರ ಹೆಚ್ಚು ಹೂಳುತ್ತದೆ. ಇದಕ್ಕೆ ಎರಡು ಉಪಾಯಗಳಿವೆ. ಮೇಲಿನಿಂದ ತೂಗುಹಾಕಿ ಭಾರದ ಒಂದು ಪಾಲನ್ನು ಎತ್ತಿ ಹಿಡಿಯುವುದು ಒಂದು. ಇನ್ನೊಂದು, ಬಂಡಿಯನ್ನೇ ಹಗುರಮಾಡುವುದು. ಮಂಗಳದ ಕ್ಯೂರಿಯಾಸಿಟಿ ರೋವರಿನ ತೂಕ 899 ಕಿಲೋಗ್ರಾಂ. ಅದಕ್ಕಾಗಿ ಅಮೆರಿಕದ ನಾಸಾ ಸಂಸ್ಥೆಯ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದವರು ಮಿದುಳಿಲ್ಲದ ಒಂದು ಜೋಡಿಬಂಡಿಯನ್ನು ಕಟ್ಟಿದರು. ಅದರಲ್ಲಿ ಚಕ್ರ, ಕಾಲುಗಳಿವೆ, ಗಣಕವಿಲ್ಲ, ಉಪಕರಣಗಳಿಲ್ಲ. ಕ್ಯೂರಿಯಾಸಿಟಿ ಮಂಗಳದಲ್ಲಿ ಎಷ್ಟು ತೂಗುತ್ತದೆಯೋ ಇದು ಭೂಮಿಯಲ್ಲಿ ಅಷ್ಟೇ ತೂಗುತ್ತದೆ. ಇದಕ್ಕೆ ಅವರಿಟ್ಟ ಹೆಸರು ಸ್ಕೇರ್‌ಕ್ರೋ, ಎಂದರೆ ನಮ್ಮ ರಾಗಿ ಹೊಲದ ಬೆದರುಬೊಂಬೆ. 2012ರಲ್ಲಿ ಅದನ್ನು ಕ್ಯಾಲಿಫೋರ್ನಿಯಾದ ಡ್ಯೂಮಾಂಟ್ ಮರಳುದಿಬ್ಬಗಳಿಗೆ ಒಯ್ದು ಏರಿಳಿಸಿದರು. ಇದರಲ್ಲೂ ಒಂದು ಕೊರತೆ ಉಳಿಯುತ್ತದೆ: ಬಂಡಿ ಹಗುರವಾಯಿತು, ಆದರೆ ಮರಳಿನ ಕಣಗಳು ಹಗುರವಾಗಲಿಲ್ಲ. ಯಾವ ಪರೀಕ್ಷೆಯೂ ಪೂರ್ಣವಲ್ಲ ಎಂಬ ಅರಿವೂ ಸಿದ್ಧತೆಯ ಒಂದು ಭಾಗವೇ.

ಮೂರನೆಯದು ದೂರ. ಇದನ್ನು ಪ್ರಯೋಗಶಾಲೆಯೊಳಗೆ ಅನುಕರಿಸುವುದು ಎಲ್ಲಕ್ಕಿಂತ ಕಷ್ಟ. ಯಾಕೆಂದರೆ ಕಿಟಕಿಯಿಂದ ಇಣುಕಿದರೆ ಬಂಡಿ ಕಾಣುತ್ತದೆ, ಮನಸ್ಸು ತಡೆಯದು. ಅದಕ್ಕಾಗಿಯೇ ಮರುಭೂಮಿಗೆ ಹೋಗಬೇಕು.

ಯಾವ ಮರುಭೂಮಿ, ಏಕೆ

ಚಿಲಿ ದೇಶದ ಅಟಕಾಮಾ ಭೂಮಿಯ ಅತ್ಯಂತ ಶುಷ್ಕ ಪ್ರದೇಶಗಳಲ್ಲೊಂದು. ಮೈಲುಗಟ್ಟಲೆ ಗಿಡಮರವಿಲ್ಲ, ಕಲ್ಲು, ಮರಳು, ಇಳಿಜಾರು ಮಾತ್ರ. 1997ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ನೊಮ್ಯಾಡ್ ಎಂಬ ರೋವರನ್ನು ಅಲ್ಲಿಗೆ ಒಯ್ದರು. 45 ದಿನಗಳಲ್ಲಿ ಅದು 200 ಕಿಲೋಮೀಟರಿಗೂ ಹೆಚ್ಚು ದೂರ ಸಾಗಿತು. ಅದನ್ನು ನಡೆಸಿದವರು ಸಾವಿರಾರು ಕಿಲೋಮೀಟರ್ ದೂರದ ಅಮೆರಿಕದಲ್ಲಿದ್ದರು. ಅದೇ ವರ್ಷದ ಜುಲೈ 4ರಂದು ಮಂಗಳದ ಮೇಲೆ ಇಳಿದ ಸೊಜರ್ನರ್ ಎಂಬ ಪುಟ್ಟ ರೋವರ್ ತನ್ನ ಆಯುಷ್ಯದಲ್ಲಿ ಸಾಗಿದ್ದು ಸುಮಾರು ನೂರು ಮೀಟರ್ ಮಾತ್ರ ಎಂಬುದನ್ನು ನೆನೆದರೆ ನೊಮ್ಯಾಡಿನ ಪಯಣದ ಮಹತ್ವ ತಿಳಿಯುತ್ತದೆ.

ಯುರೋಪಿನವರ ರೊಸಾಲಿಂಡ್ ಫ್ರಾಂಕ್ಲಿನ್ ರೋವರ್ ಮಂಗಳಕ್ಕೆ ಹೊರಡಲು ಇನ್ನೂ ಕಾಯುತ್ತಿದೆ. ಅದರ ಅಭ್ಯಾಸಕ್ಕಾಗಿ ಚಾರ್ಲಿ ಎಂಬ ಮಾದರಿ ರೋವರನ್ನು 2018ರ ಅಕ್ಟೋಬರಿನಲ್ಲಿ ಸ್ಪೇನಿನ ತಬೆರ್ನಾಸ್ ಮರುಭೂಮಿಗೂ, 2019ರ ಆರಂಭದಲ್ಲಿ ಅಟಕಾಮಾಕ್ಕೂ ಒಯ್ಯಲಾಯಿತು. ಅದನ್ನು ನಡೆಸುವ ವಿಜ್ಞಾನಿಗಳು ಇಂಗ್ಲೆಂಡಿನ ಹಾರ್ವೆಲ್ ಎಂಬಲ್ಲಿ ಕುಳಿತಿದ್ದರು.

ಸ್ಥಳವನ್ನು ಆರಿಸುವಾಗ ನೋಟ ಮಂಗಳದಂತಿದ್ದರೆ ಸಾಲದು. ವಿಜ್ಞಾನಿಗಳು ಹುಡುಕುವ ಬಗೆಯ ಬಂಡೆಗಳ ಪದರ ಅಲ್ಲಿರಬೇಕು. ಬಂಡಿ ಏರಬಲ್ಲ ಇಳಿಜಾರೂ ಇರಬೇಕು, ಏರಲಾಗದ್ದೂ ಇರಬೇಕು. ಸಾಮಾನು ಸಾಗಿಸಲು ರಸ್ತೆ ಹತ್ತಿರವಿರಬೇಕು. ಆದರೆ ಚಿತ್ರದಲ್ಲಿ ರಸ್ತೆ, ವಿದ್ಯುತ್ ಕಂಬ, ಟೈರಿನ ಗುರುತು ಕಾಣಬಾರದು. ನೆಲದ ಒಡೆಯರ ಹಾಗೂ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು. ಗಾಯವಾದರೆ ಆಸ್ಪತ್ರೆ ಎಷ್ಟು ದೂರ ಎಂಬುದನ್ನೂ ಮೊದಲೇ ತಿಳಿದಿರಬೇಕು.

ಹೊರಡುವ ಮುನ್ನದ ಸಿದ್ಧತೆ

ಮರುಭೂಮಿಗೆ ಒಯ್ಯುವುದು ಮಂಗಳಕ್ಕೆ ಹೋಗುವ ಅದೇ ಬಂಡಿಯನ್ನಲ್ಲ. ಅದು ಧೂಳು ಸೋಕದ ಶುದ್ಧಕೋಣೆಯಲ್ಲೇ ಉಳಿಯುತ್ತದೆ. ನಿರ್ವಾತ, ಕೊರೆಯುವ ಚಳಿ, ಉಡ್ಡಯನದ ನಡುಕ ಇವುಗಳ ಪರೀಕ್ಷೆ ಅದಕ್ಕೆ ಬೇರೆ ಕೋಣೆಗಳಲ್ಲಿ ಆಗುತ್ತದೆ. ಕ್ಷೇತ್ರಕ್ಕೆ ಹೋಗುವುದು ಅದರ ಜೋಡಿ. ಈ ಜೋಡಿಯನ್ನು ಸಜ್ಜುಗೊಳಿಸುವ ಕೆಲಸ ತಿಂಗಳುಗಟ್ಟಲೆ ಹಿಡಿಯುತ್ತದೆ.

ಮೊದಲ ಹೆಜ್ಜೆ ಸ್ಕ್ರೂಡ್ರೈವರಿನದಲ್ಲ, ಲೇಖನಿಯದು. ಈ ಪರೀಕ್ಷೆಯಿಂದ ಏನನ್ನು ತಿಳಿಯಬೇಕು ಎಂಬುದನ್ನು ಬರೆದಿಡಬೇಕು. "ರೋವರ್ ಚೆನ್ನಾಗಿ ಓಡುತ್ತದೆಯೇ ನೋಡೋಣ" ಎಂಬುದು ಪ್ರಶ್ನೆಯಲ್ಲ. "ಒಂದು ದಿನದ ಚಿತ್ರಗಳನ್ನಷ್ಟೇ ನೋಡಿ, ಮರುದಿನ ಕೊರೆಯಬೇಕಾದ ಜಾಗವನ್ನು ತಂಡ ನಿಗದಿತ ಸಮಯದೊಳಗೆ ನಿರ್ಧರಿಸಬಲ್ಲುದೇ?" ಎಂಬುದು ಪ್ರಶ್ನೆ. ಉತ್ತರ ಹೌದೋ ಅಲ್ಲವೋ ಎಂದು ಹೇಳುವಂತಿರಬೇಕು.

ಎರಡನೆಯ ಹೆಜ್ಜೆ ಮನೆಯಂಗಳದ ಅಭ್ಯಾಸ. ಸಂಸ್ಥೆಯ ಆವರಣದಲ್ಲೇ ಮರಳು, ಕಲ್ಲು ಹರಡಿದ ಅಂಗಳದಲ್ಲಿ ಇಡೀ ಪರೀಕ್ಷೆಯನ್ನು ಒಮ್ಮೆ ನಡೆಸಿ ನೋಡುತ್ತಾರೆ. ಕ್ಯಾಮೆರಾಗಳನ್ನು ಅಳತೆಪಟ್ಟಿಯ ಮುಂದಿಟ್ಟು ಹೊಂದಿಸುತ್ತಾರೆ. ಎರಡು ಕ್ಯಾಮೆರಾಗಳ ಚಿತ್ರಗಳನ್ನು ಕೂಡಿಸಿ ದೂರವನ್ನು ಲೆಕ್ಕ ಹಾಕುವುದರಿಂದ, ಒಂದು ಕ್ಯಾಮೆರಾ ಕೂದಲೆಳೆಯಷ್ಟು ತಿರುಗಿದರೂ ಕಲ್ಲು ಇರುವಲ್ಲಿ ಕಾಣದೆ ಬೇರೆಲ್ಲೋ ಕಾಣುತ್ತದೆ. ಲಾರಿಯ ಕುಲುಕಾಟದ ಬಳಿಕ ಸ್ಥಳದಲ್ಲಿ ಮತ್ತೊಮ್ಮೆ ಹೊಂದಿಸಬೇಕಾಗುವುದರಿಂದ ಆ ಅಳತೆಪಟ್ಟಿಯೂ ಪೆಟ್ಟಿಗೆಯೊಳಗೆ ಸೇರಬೇಕು.

ಮೂರನೆಯದು ಸಾಮಾನಿನ ಪಟ್ಟಿ. ಮರುಭೂಮಿಯಲ್ಲಿ ಅಂಗಡಿಯಿಲ್ಲ, ಹತ್ತು ರೂಪಾಯಿಯ ತಿರುಪು ಮರೆತರೆ ಒಂದು ದಿನ ಹಾಳು. ಚಕ್ರದ ಮೋಟಾರು, ತಂತಿ, ಜೋಡಣೆಯ ಕೊಂಡಿಗಳು, ಫ್ಯೂಸು, ಹೆಚ್ಚುವರಿ ಬ್ಯಾಟರಿ, ಜನರೇಟರು, ಬೆಸುಗೆಯ ಸಾಮಾನು, ಪರದೆಯ ಮೇಲೆ ಬಿಸಿಲು ಬೀಳದಂತೆ ತಡೆಯುವ ಡೇರೆ, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲವೂ ಪಟ್ಟಿಯಲ್ಲಿರಬೇಕು. ಒಂದೇ ಇದ್ದು, ಕೆಟ್ಟರೆ ಪರೀಕ್ಷೆಯೇ ನಿಂತುಹೋಗುವ ಬಿಡಿಭಾಗ ಯಾವುದು ಎಂದು ಹುಡುಕಿ ಅದಕ್ಕೆ ಜೋಡಿ ಮಾಡಿಟ್ಟುಕೊಳ್ಳುತ್ತಾರೆ. ದೊಡ್ಡ ಲಿಥಿಯಂ ಬ್ಯಾಟರಿಗಳನ್ನು ವಿಮಾನದಲ್ಲಿ ಸಾಗಿಸಲು ಕಟ್ಟುನಿಟ್ಟಿನ ನಿಯಮಗಳಿವೆ. ಗಡಿ ದಾಟುವ ಪ್ರತಿ ಉಪಕರಣಕ್ಕೂ ಸುಂಕದ ಕಾಗದಪತ್ರ ಬೇಕು. ಕಾಗದ ಸರಿಯಿಲ್ಲದೆ ಗಡಿಯಲ್ಲಿ ನಿಲ್ಲುವ ಕಷ್ಟವನ್ನು ಗಡಿನಾಡಿನ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ನಾಲ್ಕನೆಯದು ಧೂಳು ಮತ್ತು ಬಿಸಿಲು. ನುಣ್ಣನೆಯ ಧೂಳು ಕೀಲುಗಳೊಳಗೆ, ಕೊಂಡಿಗಳೊಳಗೆ, ಗಣಕದ ಫ್ಯಾನಿನೊಳಗೆ ನುಗ್ಗುತ್ತದೆ. ಮಧ್ಯಾಹ್ನದ ಕಾವಿಗೆ ಒಳಗಿನ ಬಿಸಿ ಸೇರಿ ಗಣಕ ತಾನಾಗಿ ಸ್ತಬ್ಧವಾಗಬಹುದು. ಸಂದುಗಳನ್ನು ಮುಚ್ಚಿದರೆ ಬಿಸಿ ಹೊರಹೋಗದು. ತೆರೆದಿಟ್ಟರೆ ಧೂಳು ಒಳಬರುತ್ತದೆ. ಈ ಎರಡರ ನಡುವೆ ತೂಗಿ ನೋಡಿ ನಿರ್ಧರಿಸುವುದೇ ಎಂಜಿನಿಯರ ಕಸುಬು.

ಐದನೆಯದು ಸಂಪರ್ಕ. ಕ್ಷೇತ್ರದಿಂದ ನಿಯಂತ್ರಣ ಕೇಂದ್ರಕ್ಕೆ ಉಪಗ್ರಹದ ಮೂಲಕ ಮಾಹಿತಿ ಹೋಗುತ್ತದೆ. ಈ ಸಂಪರ್ಕ ಮಂಗಳದ ಸಂಪರ್ಕಕ್ಕಿಂತ ಬಹಳ ವೇಗದ್ದು. ಆದುದರಿಂದ ಬೇಕೆಂದೇ ಅದನ್ನು ಮಿತಗೊಳಿಸುತ್ತಾರೆ: ದಿನಕ್ಕೆ ಇಷ್ಟೇ ಚಿತ್ರಗಳು, ದಿನಕ್ಕೆ ಇಷ್ಟೇ ಆದೇಶಗಳು. ಕೇಂದ್ರದಲ್ಲಿರುವವರಿಗೆ ಕೊಡುವ ಮೇಲಿನಿಂದ ತೆಗೆದ ಚಿತ್ರಗಳನ್ನೂ, ಮಂಗಳವನ್ನು ಸುತ್ತುವ ನೌಕೆಗಳ ಚಿತ್ರಗಳಷ್ಟೇ ಸ್ಪಷ್ಟವಾಗಿರುವಂತೆ ಮಸುಕುಗೊಳಿಸಿ ಕೊಡುತ್ತಾರೆ.

ಕೈ ಹಾಕಬಾರದೆಂಬ ಕಟ್ಟಳೆ

ಇಷ್ಟೆಲ್ಲ ಸಿದ್ಧತೆಯಾದ ಮೇಲೆ ಉಳಿಯುವ ಸಿದ್ಧತೆ ಮನುಷ್ಯರದು; ನಮ್ಮ ದೃಷ್ಟಿಯಲ್ಲಿ ಅದೇ ಅತ್ಯಂತ ಕಠಿಣ.

ತಂಡವನ್ನು ಎರಡಾಗಿ ಒಡೆಯುತ್ತಾರೆ. ಒಂದು ತಂಡ ಮರುಭೂಮಿಯಲ್ಲಿ ರೋವರಿನ ಪಕ್ಕದಲ್ಲಿರುತ್ತದೆ. ಇನ್ನೊಂದು ದೂರದ ಕೇಂದ್ರದಲ್ಲಿ ಕುಳಿತು ಆದೇಶ ಕೊಡುತ್ತದೆ. ಅಮೆರಿಕದವರು 2000ದಲ್ಲಿ ನೆವಾಡಾ ರಾಜ್ಯದ ಬ್ಲ್ಯಾಕ್ ರಾಕ್ ಸಮಿಟ್ ಎಂಬಲ್ಲಿ ಫೈಡೋ ಎಂಬ ರೋವರನ್ನು ಪರೀಕ್ಷಿಸಿದಾಗ, ಪಸಡೇನಾದ ಕೇಂದ್ರದಲ್ಲಿದ್ದ ವಿಜ್ಞಾನಿಗಳಿಗೆ ಆ ಸ್ಥಳ ಯಾವುದೆಂದೇ ಹೇಳಿರಲಿಲ್ಲ. ಹೇಳಿದರೆ ಭೂವಿಜ್ಞಾನದ ಪುಸ್ತಕ ತೆರೆದು ಅಲ್ಲಿನ ಕಲ್ಲುಗಳ ಜಾತಕವನ್ನೇ ಓದಿಬಿಡುತ್ತಿದ್ದರು. ರೋವರಿನ ಕಣ್ಣು ಕಂಡಷ್ಟನ್ನೇ ಅವರು ಕಾಣಬೇಕಾಗಿತ್ತು. ಫೈಡೋ ಪರೀಕ್ಷೆಗಳಲ್ಲಿ ಅಲ್ಲಿನ ಪ್ರೌಢಶಾಲಾ ವಿದ್ಯಾರ್ಥಿಗಳ ತಂಡಗಳೂ ಪಾಲ್ಗೊಂಡಿದ್ದವು ಎಂಬುದನ್ನು ನಮ್ಮ ಮಕ್ಕಳು ಗಮನಿಸಬೇಕು.

ರೋವರಿನ ಪಕ್ಕದಲ್ಲಿ ನಿಂತವರಿಗೆ ಎಲ್ಲವೂ ಕಾಣುತ್ತದೆ. ಎರಡು ಹೆಜ್ಜೆ ಬಲಕ್ಕೆ ಹೋದರೆ ಅಪರೂಪದ ಕಲ್ಲಿದೆ ಎಂದು ಅವರಿಗೆ ಗೊತ್ತು. ಚಕ್ರ ಸಿಕ್ಕಿಕೊಳ್ಳಲಿದೆ ಎಂದೂ ಗೊತ್ತು. ಆದರೂ ಅವರು ಹೇಳಬಾರದು, ಸನ್ನೆ ಮಾಡಬಾರದು, ಕಾಲಿನಿಂದ ಕಲ್ಲನ್ನು ಸರಿಸಬಾರದು. ಎರಡು ತಂಡಗಳ ನಡುವಣ ಮಾತೆಲ್ಲ ಗೊತ್ತುಪಡಿಸಿದ ಒಬ್ಬರ ಮೂಲಕವೇ ಸಾಗಬೇಕು. ರೋವರಿನ ಮೈಮೇಲೆ ಕೆಂಪು ಬಣ್ಣದ ತುರ್ತು ಗುಂಡಿ ಇರುತ್ತದೆ. ಜನರಿಗೋ ಯಂತ್ರಕ್ಕೋ ಅಪಾಯವಾಗುವಂತಿದ್ದರೆ ಮಾತ್ರ ಅದನ್ನು ಒತ್ತಬಹುದು. ಒತ್ತಿದರೆ ಎಷ್ಟು ಗಂಟೆಗೆ, ಯಾಕೆ ಎಂದು ದಿನಚರಿಯಲ್ಲಿ ಬರೆಯಬೇಕು.

ಹಾಗಾದರೆ ಪಕ್ಕದಲ್ಲಿ ನಿಂತವರ ಕೆಲಸವೇನು? ಸತ್ಯವನ್ನು ಬರೆದಿಡುವುದು. ರೋವರ್ ನಿಜವಾಗಿ ಎಲ್ಲಿತ್ತು, ಎಷ್ಟು ಜಾರಿತು, ನೋಡದೆ ಬಿಟ್ಟ ಕಲ್ಲು ಯಾವುದು ಎಂದು ಅಳೆದು ದಾಖಲಿಸುವುದು. ಪರೀಕ್ಷೆ ಮುಗಿದ ಮೇಲೆ ದೂರದ ತಂಡದ ಊಹೆಯನ್ನು ಈ ದಾಖಲೆಯೊಡನೆ ಹೋಲಿಸುತ್ತಾರೆ. ಮಕ್ಕಳ ಉತ್ತರಪತ್ರಿಕೆಯನ್ನು ಕೀಲಿ ಉತ್ತರದೊಡನೆ ಹೋಲಿಸಿದಂತೆ ಇದು. ನಡುವೆಯೇ ಉತ್ತರ ಹೇಳಿಕೊಟ್ಟರೆ ಅಂಕ ಬರುತ್ತದೆ, ಕಲಿಕೆ ಬರುವುದಿಲ್ಲ. ಮಂಗಳದಲ್ಲಿ ಹೇಳಿಕೊಡುವವರು ಇರುವುದೂ ಇಲ್ಲ.

ಸಿಕ್ಕಿಕೊಂಡಾಗ

ಇಷ್ಟೆಲ್ಲ ಶ್ರಮದ ಫಲ ಕಾಣುವುದು ಅಪಾಯದ ದಿನ. 2005ರ ಏಪ್ರಿಲ್ 26ರಂದು ಮಂಗಳದ ಆಪರ್ಚುನಿಟಿ ರೋವರ್ ಒಂದು ಮರಳಿನ ಏರಿಯಲ್ಲಿ ಚಕ್ರ ಹೂತು ನಿಂತಿತು. ಭೂಮಿಯಲ್ಲಿದ್ದ ತಂಡ ಗಾಬರಿಯಿಂದ ಗಾಲಿ ತಿರುಗಿಸಲಿಲ್ಲ. ಪ್ರಯೋಗಾಲಯದಲ್ಲಿ ಹಲವು ಬಗೆಯ ಪುಡಿಗಳನ್ನು ಬೆರೆಸಿ ಅಂಥದೇ ನುಣುಪಿನ ಮರಳು ಮಾಡಿ, ಜೋಡಿ ರೋವರನ್ನು ಅದರಲ್ಲಿ ಹೂತು, ಹೊರಬರುವ ದಾರಿಯನ್ನು ಹುಡುಕಿದರು. ಬಳಿಕ ಮಂಗಳಕ್ಕೆ ಸ್ವಲ್ಪಸ್ವಲ್ಪವಾಗಿ ಆದೇಶ ಕಳುಹಿಸಿದರು. ಜೂನ್ 4ರಂದು ಆಪರ್ಚುನಿಟಿ ಹೊರಬಂತು. ಆಮೇಲೆ ಅದು 2018ರವರೆಗೂ ದುಡಿಯಿತು.

ಕ್ಯೂರಿಯಾಸಿಟಿಯ ಕತೆ ಇನ್ನೊಂದು ಬಗೆಯದು. ಅದರ ಅಲ್ಯೂಮಿನಿಯಂ ಚಕ್ರಗಳಲ್ಲಿ ನಿರೀಕ್ಷೆಗಿಂತ ಬೇಗ ತೂತುಗಳು ಬಿದ್ದದ್ದು 2013ರಲ್ಲಿ ಕಂಡಿತು. ನೆಲಕ್ಕೆ ಬಿಗಿಯಾಗಿ ಕೂತ ಚೂಪುಗಲ್ಲುಗಳ ಪೆಟ್ಟು ಇಷ್ಟಿರುತ್ತದೆಂದು ಮೊದಲಿನ ಪರೀಕ್ಷೆಗಳು ತೋರಿಸಿಕೊಟ್ಟಿರಲಿಲ್ಲ. ಮತ್ತೆ ಭೂಮಿಯ ಅಂಗಳದಲ್ಲಿ ಚಕ್ರಗಳನ್ನು ಕಲ್ಲಿನ ಮೇಲೆ ಓಡಿಸಿ ಕಾರಣ ಹುಡುಕಿ, ಪ್ರತಿ ಚಕ್ರದ ವೇಗವನ್ನು ನೆಲಕ್ಕೆ ತಕ್ಕಂತೆ ಹೊಂದಿಸುವ ಹೊಸ ತಂತ್ರಾಂಶವನ್ನು ಮಂಗಳಕ್ಕೆ ಕಳುಹಿಸಿದರು. ಚಕ್ರವನ್ನು ಬದಲಿಸಲಾಗದು, ಚಲಿಸುವ ಬಗೆಯನ್ನು ಬದಲಿಸಬಹುದು.

ನಮ್ಮ ಪ್ರಜ್ಞಾನ್ ಕೂಡ 2023ರ ಆಗಸ್ಟ್ 27ರಂದು ಇಂಥ ಘಳಿಗೆಯನ್ನು ಎದುರಿಸಿತು. ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿಯೊಂದು ಕಂಡಿತು. ಬಂದ ದಾರಿಯಲ್ಲೇ ಹಿಂದಿರುಗಲು ಆದೇಶ ಹೋಯಿತು. ರೋವರ್ ಸುರಕ್ಷಿತವಾಗಿ ಬೇರೆ ದಾರಿ ಹಿಡಿಯಿತು. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಇಳಿಯುವಾಗ ಅಪ್ಪಳಿಸಿದ್ದರಿಂದ ಅದರೊಳಗಿದ್ದ ರೋವರ್ ಒಂದು ಹೆಜ್ಜೆಯನ್ನೂ ಇಡಲಾಗಿರಲಿಲ್ಲ ಎಂಬುದನ್ನು ನೆನೆದರೆ, ಹಿಂದೆ ಸರಿದ ಆ ಕೆಲವು ಹೆಜ್ಜೆಗಳ ಬೆಲೆ ತಿಳಿಯುತ್ತದೆ.

ನಮ್ಮ ಶಾಲೆಯ ಬಯಲಿನಲ್ಲಿ

ಇದನ್ನೆಲ್ಲ ಹಲಗೆಯ ಮೇಲೆ ಬರೆದರೆ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅದರ ಬದಲು ನಾವು ಒಂದು ಶನಿವಾರ ಬಯಲಿಗೆ ಇಳಿದೆವು. ಯಾವ ಖರ್ಚೂ ಇಲ್ಲದ ಈ ಆಟವನ್ನು ಯಾವ ಶಾಲೆಯಲ್ಲಾದರೂ, ಯಾವ ಮನೆಯ ಅಂಗಳದಲ್ಲಾದರೂ ಆಡಬಹುದು.

ಬಯಲಿನಲ್ಲಿ ಇಟ್ಟಿಗೆ, ಕಲ್ಲು, ಮರಳಿನ ಗುಪ್ಪೆಗಳನ್ನು ಹರಡಿದೆವು. ಒಬ್ಬ ಹುಡುಗ ರೋವರ್ ಆದ. ಅವನ ತಲೆಗೆ ರಟ್ಟಿನ ಪೆಟ್ಟಿಗೆ, ತನ್ನ ಕಾಲಬುಡ ಮಾತ್ರ ಕಾಣುವಷ್ಟು ಕಿಂಡಿ. ಇನ್ನೊಬ್ಬಳು ಅವನ ಕ್ಯಾಮೆರಾ; ಮುಂದಿನ ಮೂರು ಹೆಜ್ಜೆಯೊಳಗೆ ಕಂಡದ್ದನ್ನು ಚೀಟಿಯಲ್ಲಿ ಚಿತ್ರಿಸುವುದಷ್ಟೇ ಅವಳ ಕೆಲಸ. ಕಿಟಕಿ ಮುಚ್ಚಿದ ತರಗತಿಯೊಳಗೆ ಐವರು ನಿಯಂತ್ರಣ ಕೇಂದ್ರದವರು. ಹತ್ತು ನಿಮಿಷಕ್ಕೊಮ್ಮೆ ಒಬ್ಬ ಓಟಗಾರ ಒಂದು ಚೀಟಿಯನ್ನು ಅತ್ತ, ಒಂದನ್ನು ಇತ್ತ ಒಯ್ಯುತ್ತಾನೆ. ಬೇರೆ ಮಾತಿಲ್ಲ. ಗುರಿ, ಬಯಲಿನ ಆಚೆ ತುದಿಯ ಬಿಳಿಯ ಕಲ್ಲನ್ನು ತಲುಪುವುದು.

ಮೊದಲ ಆದೇಶ ಹೀಗಿತ್ತು: "ಸ್ವಲ್ಪ ಮುಂದೆ ಹೋಗಿ ಪಕ್ಕಕ್ಕೆ ತಿರುಗು." ರೋವರ್ ಬೇವಿನ ಮರದ ಪಾತಿಯಲ್ಲಿ ಇಳಿದು ನಿಂತ. ಸ್ವಲ್ಪ ಎಂದರೆ ಎಷ್ಟು, ಪಕ್ಕ ಎಂದರೆ ಯಾವ ಪಕ್ಕ ಎಂದು ತರಗತಿಯಲ್ಲಿ ಜಗಳವೇ ನಡೆಯಿತು. ಮೂರನೆಯ ಸುತ್ತಿಗೆ ಚೀಟಿಯ ಭಾಷೆ ಬದಲಾಗಿತ್ತು: "ಬೇವಿನ ಮರಕ್ಕೆ ಬೆನ್ನು ಮಾಡಿ ನಿಲ್ಲು. 6 ಹೆಜ್ಜೆ ಇಡು. ಕಾಲಿಗೆ ಇಟ್ಟಿಗೆ ತಾಗಿದರೆ ಅಲ್ಲೇ ನಿಂತು ಚಿತ್ರ ಕಳುಹಿಸು. ತಾಗದಿದ್ದರೆ ಇನ್ನೂ 4 ಹೆಜ್ಜೆ ಇಟ್ಟು ಚಿತ್ರ ಕಳುಹಿಸು." ಹೀಗಾದರೆ ಹೀಗೆ, ಇಲ್ಲವಾದರೆ ಹಾಗೆ ಎಂಬ ಈ ಕಟ್ಟೇ ರೋವರಿನ ಆದೇಶಗಳ, ಎಲ್ಲ ಗಣಕವಿದ್ಯೆಯ ಅಡಿಪಾಯ. ಮಕ್ಕಳು ಅದನ್ನು ಯಾರೂ ಹೇಳಿಕೊಡದೆ, ತಮ್ಮ ಮನೆಮಾತಿನಲ್ಲಿ ಜಗಳವಾಡುತ್ತಲೇ ಕಂಡುಕೊಂಡರು.

ಆ ದಿನ ತಪ್ಪು ಮಾಡಿದವರು ನಾವು. ಹುಡುಗ ಇಟ್ಟಿಗೆಯ ಸಾಲಿನತ್ತ ಹೋಗುವುದನ್ನು ಕಂಡು "ನಿಲ್ಲೋ!" ಎಂದು ಕೂಗಿಬಿಟ್ಟೆವು. ಅವನು ಬೀಳುತ್ತಿರಲಿಲ್ಲ, ಅವನ ಕಾಲಿಗೆ ಅದು ತಾಗಿ, ಅವನೇ ನಿಲ್ಲುತ್ತಿದ್ದ. ಪಂಚರ್ ಅಂಗಡಿಯವರ ಮಗಳು ಚೀಟಿ ಹಿಡಿದು ಹೊರಗೆ ಬಂದು ನೇರವಾಗಿ ಹೇಳಿದಳು: "ಸಾರ್, ಚಂದ್ರನ ಮೇಲೆ ನೀವು ಇರಲ್ಲವಲ್ಲ." ಆಟವನ್ನು ಮೊದಲಿನಿಂದ ಆಡಬೇಕಾಯಿತು. ಇಪ್ಪತ್ತು ವರ್ಷದ ಪಾಠದಲ್ಲಿ ಎಷ್ಟು ಬಾರಿ ಹೀಗೆ, ಮಗು ಉತ್ತರದ ಹೊಸ್ತಿಲಲ್ಲಿ ನಿಂತಾಗ, ನಾವೇ ಉತ್ತರ ಹೇಳಿ ಅದರ ಕೈಯಿಂದ ಕಲಿಕೆಯನ್ನು ಕಸಿದಿದ್ದೇವೋ ಎಂಬ ಯೋಚನೆ ಅಂದು ರಾತ್ರಿಯಿಡೀ ಕಾಡಿತು.

ಆ ತಾಯಿಯ ಪ್ರಶ್ನೆಗೆ

ಕನ್ನಡದಲ್ಲಿ ಕಲಿತರೆ ಇದೆಲ್ಲ ಉಪಯೋಗಕ್ಕೆ ಬರುತ್ತದೆಯೇ ಎಂದು ಕೇಳಿದ ತಾಯಿಗೆ ನಾವು ಸುಳ್ಳು ಭರವಸೆ ಕೊಡುವುದಿಲ್ಲ. ಮುಂದೆ ಕಾಲೇಜಿನಲ್ಲಿ ಇಂಗ್ಲಿಷ್ ಪರಿಭಾಷೆ ಬೇಕೇ ಬೇಕು. ಅದನ್ನು ನಮ್ಮ ಮಕ್ಕಳು ಕಲಿಯಬೇಕು, ಕಲಿಸುವ ಹೊಣೆಯಿಂದ ನಾವೂ ನುಣುಚಿಕೊಳ್ಳಬಾರದು. ರಾಜ್ಯಭಾಷೆಯೂ ಅವರಿಗೆ ಬೇಕು. ಆದರೆ ಆ ಶನಿವಾರ ನಿಮ್ಮ ಮಗ ನಿಯಂತ್ರಣ ಕೇಂದ್ರದಲ್ಲಿದ್ದ ಐವರಲ್ಲೊಬ್ಬ. "ಸ್ವಲ್ಪ" ಎಂಬ ಪದವನ್ನು ಹೊಡೆದುಹಾಕಿ "6 ಹೆಜ್ಜೆ" ಎಂದು ಬರೆಯಬೇಕೆಂದು ಹಟ ಹಿಡಿದವನು ಅವನೇ. ಅಳತೆಯಿಲ್ಲದ ಮಾತು ಆದೇಶವಾಗದು ಎಂಬ ಅರಿವು ಅವನಿಗೆ ಬಂದದ್ದು, ವಾದ ಮಾಡಲು ಹಿಂಜರಿಯಬೇಕಾಗಿಲ್ಲದ ಭಾಷೆಯಲ್ಲಿ ವಾದ ಮಾಡಿದ್ದರಿಂದ. ಹಾಗೆ ಬಂದ ಅರಿವಿಗೆ ಇಂಗ್ಲಿಷ್ ಪದವನ್ನು ಆಮೇಲೆ ಜೋಡಿಸಬಹುದು. ಪದಗಳನ್ನು ಮೊದಲು ಉರುಹೊಡೆದು ಅರಿವನ್ನು ಆಮೇಲೆ ಜೋಡಿಸುವುದು ಅಷ್ಟು ಸುಲಭವಲ್ಲ.

ಮಗುವನ್ನು ಎಲ್ಲಿ ಓದಿಸಬೇಕೆಂಬ ತೀರ್ಮಾನ ಪಾಲಕರದು. ಅದಕ್ಕೆ ಮುನ್ನ ಒಂದು ಶನಿವಾರ ಬಂದು ಬೇವಿನ ಮರದ ಕೆಳಗೆ ನಿಂತು ನೋಡಿ ಎಂದಷ್ಟೇ ನಮ್ಮ ಕೋರಿಕೆ. ಒಂದೇ ನಿಬಂಧನೆ: ಏನು ಕಂಡರೂ ಕೂಗಬಾರದು.

ಈಗ ತಿಂಗಳಿಗೊಮ್ಮೆ ಈ ಆಟ ನಡೆಯುತ್ತಿದೆ. ಮಕ್ಕಳು ಒಂದು ದಿನಚರಿ ಇಟ್ಟಿದ್ದಾರೆ. ಎಷ್ಟು ಆದೇಶ ಹೋಯಿತು, ಎಷ್ಟು ಹೆಜ್ಜೆ ಸಾಗಿತು, ಎಲ್ಲಿ ಸಿಕ್ಕಿಕೊಂಡಿತು ಎಂಬ ಕಾಲಂಗಳ ಕೊನೆಗೆ, ನಮ್ಮನ್ನು ಉದ್ದೇಶಿಸಿ, ಇನ್ನೊಂದು ಕಾಲಂ ಗೆರೆ ಎಳೆದಿದ್ದಾರೆ: "ಸಾರ್ ಕೈ ಹಾಕಿದ್ದು." ಮೊದಲ ಸಲ ಅಲ್ಲಿ 5 ಎಂದಿತ್ತು. ಕಳೆದ ಸಲ 2. ಸೊನ್ನೆಗೆ ನಾವು ಇನ್ನೂ ಬಂದಿಲ್ಲ.